ಅರ್ಧ ಗಡ್ಡದ ಅಂಗಡಿ

ನಮ್ಮ ದೊಡ್ಡಪ್ಪನ ಕೈಯಲ್ಲಿ ಒಂದೇ ಸಲಕ್ಕೆ ಪೂರ್ತಿ ಗಡ್ಡ ಮಾಡಿಸಿಕೊಂಡವರು ಊರಲ್ಲಿ ಅಪರೂಪ. ಅವರ ಕೈ ಸರಿಯಿಲ್ಲ ಅಂತ ಹೇಳುತ್ತಿಲ್ಲ, ಕೈ ಚಿನ್ನದಂಥದ್ದು. ರಸ್ತೆ ಹಾಗಿತ್ತು.

ನಮ್ಮೂರಿನ ನಟ್ಟನಡುವೆ ಒಂದು ಗುಡ್ಡ. ಗುಡ್ಡದ ಈಚೆ ಮನೆಗಳು. ಆಚೆ ಕಚೇರಿ, ಕೋರ್ಟು, ಆಸ್ಪತ್ರೆ, ಕಾರ್ಖಾನೆ. ಈಚೆಯಿಂದ ಆಚೆಗೆ ಹೋಗಲು ಇದ್ದದ್ದು ಒಂದೇ ದಾರಿ, ನಮ್ಮ ಏರುರಸ್ತೆ. ಬೆಳಿಗ್ಗೆಯಾದರೆ ಇಡೀ ಊರು ಅದನ್ನು ಹತ್ತಬೇಕು, ಸಂಜೆಯಾದರೆ ಇಡೀ ಊರು ಅದನ್ನು ಇಳಿಯಬೇಕು. ಕೆಳಗೊಂದು ಸಿಗ್ನಲ್, ಮೇಲೊಂದು ಸಿಗ್ನಲ್. ಎರಡರ ಮಧ್ಯೆ ಬಸ್ಸು ಏದುಸಿರು ಬಿಡುತ್ತಾ ಒಂದು ಮಾರು ಮುಂದೆ ಹೋಗಿ ನಿಲ್ಲುವುದು, ಮತ್ತೆ ಒಂದು ಮಾರು ಹೋಗಿ ನಿಲ್ಲುವುದು. ಅದು ಪೂರ್ತಿ ಉಸಿರು ಕಟ್ಟಿ ನಿಂತುಬಿಡುವ ಜಾಗ ಒಂದಿತ್ತಲ್ಲ, ಸರಿಯಾಗಿ ಅಲ್ಲೇ ದೊಡ್ಡಪ್ಪನ ಕಟಿಂಗ್ ಶಾಪು. ಮುಂದೆ ಅಂಗಡಿ, ಒಂದು ಪರದೆ, ಪರದೆ ಸರಿಸಿದರೆ ಮನೆ.

ಗಿರಾಕಿಗಳು ಮಾಡುತ್ತಿದ್ದದ್ದು ಹೀಗೆ. ಬಸ್ಸು ಅಂಗಡಿ ಮುಂದೆ ನಿಂತ ಕೂಡಲೇ ಚೀಲವನ್ನು ಸೀಟಿನ ಮೇಲೆ ಬಿಟ್ಟು ಇಳಿಯುವುದು, ಕುರ್ಚಿಯಲ್ಲಿ ಕೂತು ಕೆನ್ನೆ ಒಡ್ಡುವುದು, ಆಮೇಲೆ ಓಡಿಹೋಗಿ ಮೇಲಿನ ಸಿಗ್ನಲ್ಲಿನಲ್ಲಿ ಅದೇ ಬಸ್ಸನ್ನು ಹಿಡಿಯುವುದು. ಕಂಡಕ್ಟರುಗಳಿಗೂ ಇದು ಗೊತ್ತಿತ್ತು. ಖಾಲಿ ಸೀಟಿನಲ್ಲಿ ಯಾರಾದರೂ ಕೂರಲು ಹೋದರೆ, "ಅಲ್ಲಿ ಕೂರಬೇಡಿ, ಅವರು ಗಡ್ಡಕ್ಕೆ ಹೋಗಿದಾರೆ" ಅನ್ನುತ್ತಿದ್ದರು. ದೊಡ್ಡಪ್ಪ ಬಾಗಿಲಿಗೆ ಓರೆಯಾಗಿ ಇನ್ನೊಂದು ಕನ್ನಡಿ ನೇತುಹಾಕಿದ್ದರು. ಗಿರಾಕಿಯ ಮುಖ ನೋಡಲು ಎದುರಿನ ಕನ್ನಡಿ, ಬಸ್ಸಿನ ಮುಖ ನೋಡಲು ಓರೆ ಕನ್ನಡಿ. ಕತ್ತಿ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಓರೆ ಕನ್ನಡಿಯಿಂದ ಬಸ್ಸು ಮಾಯವಾದರೆ, "ಬಿಟ್ಟಿತು, ಏಳಿ, ಉಳಿದದ್ದು ನಾಳೆ" ಅಂತ ಟವೆಲ್ಲು ಎಳೆದುಬಿಡುತ್ತಿದ್ದರು. ಗಿರಾಕಿ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡೇ ಓಟ. ಗುಡ್ಡದ ಆಚೆಯ ಕಚೇರಿಗಳಲ್ಲಿ ಯಾರಾದರೂ ಒಂದೇ ಕೆನ್ನೆ ನುಣ್ಣಗೆ ಮಾಡಿಕೊಂಡು ಬಂದರೆ, "ಓ, ಏರುರಸ್ತೆ ಕಡೆಯಿಂದ ಬಂದ್ರಾ" ಅಂತ ಕೇಳುವುದು ವಾಡಿಕೆಯಾಗಿತ್ತು. ಊರು ದೊಡ್ಡಪ್ಪನಿಗೆ ಇಟ್ಟ ಹೆಸರೇ ಅರ್ಧಗಡ್ಡ.

ಗಡ್ಡದಂತೆಯೇ ಅವರ ಕತೆಯೂ. ಕತ್ತಿ ಆಡಿದಂತೆ ಬಾಯಿ ಆಡಬೇಕು, ಇಲ್ಲದಿದ್ದರೆ ಅವರಿಗೆ ಕೈಯೇ ಓಡದು. ಕಳ್ಳನೊಬ್ಬ ಪೊಲೀಸಿನವರ ಮನೆಗೇ ಕನ್ನ ಹಾಕಿದ ಕತೆ, ಒಂದೇ ದಿನ ಇಬ್ಬರು ಅವಳಿಗಳಿಗೆ ಕೂದಲು ಕತ್ತರಿಸಿ ಒಬ್ಬರ ಹತ್ತಿರವೇ ಎರಡು ಸಲ ಕೂಲಿ ಕೇಳಿದ ಕತೆ. ಎಲ್ಲ ಕತೆಯೂ ಗಂಟು ಬಿಗಿಯುವ ಹೊತ್ತಿಗೆ ಸರಿಯಾಗಿ ಬಸ್ಸು ಹೊರಡುತ್ತಿತ್ತು. "ಆಮೇಲೆ?" ಅಂತ ಗಿರಾಕಿ ಬಾಗಿಲಲ್ಲಿ ನಿಂತು ಕೇಳಿದರೆ, "ಆಮೇಲೆ ಆಮೇಲೆ, ಮೊದಲು ಬಸ್ಸು ಹಿಡೀರಿ" ಅಂತ ಕಳಿಸುತ್ತಿದ್ದರು. ಮರುದಿನ ಬೇರೆ ಬಸ್ಸು, ಬೇರೆ ಅವಸರ, ಬೇರೆ ಕತೆ. ನನಗೆ ಬಹಳ ದಿನದಿಂದ ಅನುಮಾನ, ಈ ಮನುಷ್ಯ ಒಂದು ಕತೆಗೂ ಕೊನೆ ಕಟ್ಟಿಯೇ ಇಲ್ಲ ಅಂತ. ಬೇಕಾಗಿಯೇ ಇರಲಿಲ್ಲವಲ್ಲ.

ಎಲ್ಲರಿಗೂ ಇಷ್ಟವಾದ ಕತೆ ಒಂದಿತ್ತು, ದೊಡ್ಡಪ್ಪ ಈ ರಸ್ತೆಗೆ ಬಂದದ್ದು. "ಆಗ ನನಗೆ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ ಸ್ವಾಮಿ. ಗುಡ್ಡದ ಆಚೆ ದೊಡ್ಡ ಅಂಗಡೀಲಿ ಕೆಲಸ ಸಿಕ್ಕಿತ್ತು, ಸೇರ್ಕೊಳ್ಳೋಕೆ ಬಸ್ಸಲ್ಲಿ ಹೊರಟಿದ್ದೆ. ಬಸ್ಸು ಇಲ್ಲೇ ನಿಂತುಬಿಡ್ತು. ಕಿಟಕೀಲಿ ನೋಡ್ತೀನಿ, ಮಹಡಿ ಮೇಲೊಂದು ಹುಡುಗಿ. ಕೈಯಲ್ಲಿ ಬಿಳಿ ಚಾದರ. ಅದಕ್ಕೆ ಮೆತ್ತಿದ ಮಸಿ ಕೊಡವುತ್ತಾ ರಸ್ತೇಲಿರೋ ಬಸ್ಸು, ಲಾರಿ, ಡ್ರೈವರು ಎಲ್ಲರನ್ನೂ ಸೇರಿಸಿ ಬೈತಾ ಇದಾಳೆ. ಗದ್ದಲದಲ್ಲಿ ಒಂದಕ್ಷರ ಕೇಳಿಸಲ್ಲ, ಬಾಯಿ ಆಡೋದು ಮಾತ್ರ ಕಾಣುತ್ತೆ. ಇಷ್ಟು ಚೆನ್ನಾಗಿ ಬೈಯೋವಳು ಏನು ಬೈತಿದಾಳೆ ಅಂತ ತಿಳ್ಕೊಳ್ಳದೆ ಹೋಗೋದು ಹೇಗೆ? ಇಳಿದುಬಿಟ್ಟೆ. ಸೀದಾ ಹೋಗಿ ಆ ಮನೆ ಕೆಳಗೆ ನಿಂತೆ, ತಲೆ ಎತ್ತಿದೆ..." ಅಷ್ಟರಲ್ಲಿ ಟವೆಲ್ಲು ಸರ್ರನೆ ಬರುತ್ತಿತ್ತು. "ಬಿಟ್ಟಿತು, ಏಳಿ."

ಆ ಹುಡುಗಿಯೇ ನಮ್ಮ ದೊಡ್ಡಮ್ಮ, ನನ್ನ ಅಮ್ಮನ ಅಕ್ಕ. ಮಜಾ ಏನೆಂದರೆ, ಊರೆಲ್ಲ ಕೇಳಿದ ಈ ಕತೆಯನ್ನು ಅವಳು ಮಾತ್ರ ಕೇಳಿರಲಿಲ್ಲ. ಪರದೆಯ ಹಿಂದೆಯೇ ಅವಳ ಅಡುಗೆಮನೆ ಇದ್ದರೂ ಆ ರಸ್ತೆಯ ಗದ್ದಲದಲ್ಲಿ ಕಿವಿಯ ಹತ್ತಿರ ಬಾಯಿ ತರದಿದ್ದರೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಗಂಡ ಹೆಂಡಿರ ಸಂಸಾರವೆಲ್ಲ ಗೋಡೆ ಬಡಿಯುವುದರಲ್ಲೇ ನಡೆಯುತ್ತಿತ್ತು. ಬಾಚಣಿಗೆಯಿಂದ ಒಂದು ಸಲ ಬಡಿದರೆ ಕಾಫಿ, ಎರಡು ಸಲ ಬಡಿದರೆ ಬಿಸಿನೀರು. ದೊಡ್ಡಮ್ಮ ಸೌಟಿನಿಂದ ಜೋರಾಗಿ ತಿರುಗಿ ಬಡಿದರೆ ಕೈ ಬಿಡುವಿಲ್ಲ ಅಂತ.

ನಾನು ಆಚೆ ಬದಿಯ ಆಸ್ಪತ್ರೆಯಲ್ಲಿ ನರ್ಸು. ಕೆಲಸಕ್ಕೆ ಸೇರಿದಾಗಿನಿಂದ ಇವರ ಮನೆಯಲ್ಲೇ ಇದ್ದೇನೆ. ಹಾಗಾಗಿ ದೊಡ್ಡಮ್ಮನ ಕೆಮ್ಮು ನಾನು ದಿನಾ ಕೇಳಿದ ಕೆಮ್ಮು. ಅದು ಒಣ ಕೆಮ್ಮು. ಶುರುವಾದರೆ ಅವಳು ಒಲೆಯ ಕಟ್ಟೆ ಹಿಡಿದು ಬಗ್ಗಿ ನಿಲ್ಲಬೇಕು. ಕಿಟಕಿಗಳಿಗೆ ಒದ್ದೆ ಬಟ್ಟೆ ಕಟ್ಟಿದ್ದಳು. ಸಂಜೆಗೆ ಆ ಬಟ್ಟೆ ಕಾಡಿಗೆಯಂತಾಗುತ್ತಿತ್ತು. ನಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಕಿವಿಗೊಟ್ಟು, "ಮನೆ ಎಲ್ಲಿ?" ಅಂದರು. ಏರುರಸ್ತೆ ಅಂದೆವು. "ಹಾಗಾದ್ರೆ ಔಷಧಿ ಕೊಡೋದು ನನ್ನ ಸಮಾಧಾನಕ್ಕೆ, ತಗೊಳ್ಳೋದು ನಿಮ್ಮ ಸಮಾಧಾನಕ್ಕೆ. ಆ ರಸ್ತೆ ಬಿಡಿ, ಇಲ್ಲಾಂದ್ರೆ ರಸ್ತೆ ನಿಮ್ಮನ್ನ ಬಿಡಬೇಕು" ಅಂದರು.

ರಸ್ತೆ ಬಿಡುತ್ತದೆ ಅಂತ ಯಾರು ಕಂಡಿದ್ದರು? ಆದರೆ ಮುಂದಿನ ವರ್ಷವೇ ಗುಡ್ಡದ ಹೊಟ್ಟೆಯೊಳಗೆ ಸುರಂಗ ಕೊರೆಯುತ್ತಾರೆ, ಆಚೀಚೆ ಹೋಗುವ ಬಸ್ಸು ಲಾರಿಯೆಲ್ಲ ಅದರೊಳಗೇ ಹೋಗುತ್ತವೆ ಅಂತ ಸುದ್ದಿ ಬಂತು. ದೊಡ್ಡಮ್ಮ ಆವತ್ತು ಕಿಟಕಿಯ ಬಟ್ಟೆ ಬಿಚ್ಚಿ ನೋಡಿ ಮತ್ತೆ ಕಟ್ಟಿದಳು. ದೊಡ್ಡಪ್ಪ ಮಾತ್ರ ಹಾವು ತುಳಿದವರ ಹಾಗೆ ಎಗರಿದರು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ನಮ್ಮ ಮನೆ ಹಾಗಾಯಿತು. ಅಂಗಡಿಯ ಮುಂಬಾಗಿಲಿಗೆ ದೊಡ್ಡಪ್ಪ "ಸುರಂಗ ಬೇಡ" ಅಂತ ಬರೆದ ಬಟ್ಟೆ ಕಟ್ಟಿದರು. ಆ ಬಟ್ಟೆಯನ್ನು ಹೊಲಿದುಕೊಟ್ಟವಳು ದೊಡ್ಡಮ್ಮ. ಮಿಕ್ಕ ತುಂಡಿನಲ್ಲಿ "ಸುರಂಗ ಬೇಗ" ಅಂತ ಬರೆದು ಹಿತ್ತಲ ಬಾಗಿಲಿಗೆ ತಾನೊಂದು ಕಟ್ಟಿಕೊಂಡಳು. "ಜನ ಗುಡ್ಡದ ಹೊಟ್ಟೇಲಿ ಹೋಗೋಕೆ ಇಲಿಗಳೇನು?" ಅಂತ ದೊಡ್ಡಪ್ಪ ಗಿರಾಕಿಗಳ ಎದುರು ಭಾಷಣ ಬಿಗಿಯುತ್ತಿದ್ದರು. ಗಿರಾಕಿಗಳು ಕತ್ತಿ ಗಂಟಲ ಮೇಲಿರುವಾಗ ಹೌದು ಅನ್ನದೆ ಏನು ಮಾಡುತ್ತಾರೆ.

ಕೆಲವು ವರ್ಷಕ್ಕೆ ಸುರಂಗ ತೆರೆಯಿತು. ಆವತ್ತು ಬೆಳಿಗ್ಗೆ ನಮಗೆಲ್ಲ ಏನೋ ಕಳೆದುಹೋದ ಹಾಗೆ ಎಚ್ಚರವಾಯಿತು. ಸ್ವಲ್ಪ ಹೊತ್ತು ಬೇಕಾಯಿತು, ಕಳೆದದ್ದು ಸದ್ದು ಅಂತ ಗೊತ್ತಾಗಲು. ಎಲ್ಲೋ ಒಂದು ಗುಬ್ಬಿ ಕೂಗುತ್ತಿತ್ತು. ದೊಡ್ಡಪ್ಪ ಹಾಸಿಗೆಯಲ್ಲಿ ಎದ್ದು ಕೂತು, "ಏನದು ಗಲಾಟೆ?" ಅಂದರು.

ನನ್ನ ಬಗ್ಗೆ ಹೇಳುವುದಾದರೆ ಮುಚ್ಚುಮರೆ ಯಾಕೆ, ನಾನು ಸುರಂಗದ ಪಕ್ಷದವಳು. ಮೊದಲು ಆಸ್ಪತ್ರೆಗೆ ಹೋಗಿ ಸೇರುವಷ್ಟರಲ್ಲಿ ನಾನೇ ರೋಗಿಯಾಗಿರುತ್ತಿದ್ದೆ. ಈಗ ಬಸ್ಸು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗುಡ್ಡದ ಆಚೆ ಬರುತ್ತದೆ. ಕಿವಿಗೆ ಹಾಕಿಕೊಂಡ ಹಾಡು ಮುಗಿದಿರುವುದಿಲ್ಲ. ಅದಕ್ಕಿಂತ ದೊಡ್ಡದು ಆಂಬುಲೆನ್ಸಿನದು. ಮೊದಲೆಲ್ಲ ಏರುರಸ್ತೆ ದಾಟಿ ಬಂದ ರೋಗಿಯ ಹೆಸರನ್ನು ಜೊತೆಗೆ ಬಂದವರು ಹೇಳುತ್ತಿದ್ದರು. ಈಗ ಹೆಚ್ಚಿನವರು ತಾವೇ ಹೇಳುತ್ತಾರೆ. ನರ್ಸಿಗೆ ಇದರ ಬೆಲೆ ಗೊತ್ತು.

ರಸ್ತೆಗೆ ಮಾತ್ರ ಏನು ಮಾಡಬೇಕೋ ತಿಳಿಯದೆ ಹೋಯಿತು. ಇಡೀ ಓಣಿಯವರು ಕಿರುಚಿ ಮಾತಾಡಿ ಅಭ್ಯಾಸವಾದವರು. ಸದ್ದು ಹೋದರೂ ಕಿರುಚುವುದು ಹೋಗಲಿಲ್ಲ. ಎದುರು ಮನೆಯವರು ಬೋಳು ತಲೆಗೆ ಟೋಪನ್ ಹಾಕುವ ವಿಷಯ ದೊಡ್ಡಪ್ಪ ನನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಿದ್ದು ಎದುರು ಮನೆಯವರಿಗೇ ಕೇಳಿಸಿ, ಅವರು ಒಂದು ವಾರ ನಮ್ಮತ್ತ ನೋಡಲಿಲ್ಲ. ಆಮೇಲೆ ನಿಧಾನವಾಗಿ ಜನ ದನಿ ತಗ್ಗಿಸಿದರು, ಕಿಟಕಿ ತೆಗೆದರು. ನಗರಸಭೆಯವರು ಬಂದು ಗಿಡ ನೆಟ್ಟು ಬೆಂಚು ಹಾಕಿದರು. ಮಕ್ಕಳು ನಡುರಸ್ತೆಯಲ್ಲಿ ಸೀಮೆಸುಣ್ಣದಿಂದ ಚೌಕ ಬರೆದು ಕುಂಟಾಟ ಶುರುಮಾಡಿದರು. ಮೆಡಿಕಲ್ ಶಾಪಿನ ಅಜ್ಜ ಮೊದಲ ದಿನ ರಸ್ತೆ ದಾಟಲು ಬಂದು, ಅಭ್ಯಾಸಬಲದಿಂದ ಕೈ ಎತ್ತಿಕೊಂಡು ನಿಂತೇ ಇದ್ದರು. ಒಂದೂ ಗಾಡಿ ಬರದಿದ್ದರೂ ಅವರಿಗೆ ದಾಟುವ ಧೈರ್ಯ ಬರಲಿಲ್ಲ. ದೊಡ್ಡಮ್ಮ ಮಹಡಿಯ ಮೇಲೆ ಬಿಳಿ ಬಟ್ಟೆ ಒಣಹಾಕಿದಳು. ಸಂಜೆ ತೆಗೆದಾಗ ಅದು ಬಿಳಿಯಾಗಿಯೇ ಇತ್ತು. ಮುಖಕ್ಕೆ ಒತ್ತಿಕೊಂಡು ನೋಡಿದಳು. ಕೆಮ್ಮು ಒಂದೇ ದಿನಕ್ಕೆ ಹೋಗಲಿಲ್ಲ, ಆದರೆ ಒಲೆಯ ಕಟ್ಟೆ ಹಿಡಿಯುವುದು ಕಮ್ಮಿಯಾಯಿತು, ಆಮೇಲೆ ನಿಂತೇಹೋಯಿತು. ಹಳೆ ಹಾಡುಗಳನ್ನು ಗುನುಗತೊಡಗಿದಳು. ಅವಳಿಗೆ ಹಾಡಲು ಬರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಇತ್ತ ಅಂಗಡಿ ಬಿಕೋ ಅನ್ನುತ್ತಿತ್ತು. ಬಸ್ಸೇ ಇಲ್ಲದ ಮೇಲೆ ಬಸ್ಸಿನ ಗಿರಾಕಿ ಎಲ್ಲಿಂದ ಬರಬೇಕು? ಬಂದ ನಾಲ್ಕು ಜನವನ್ನೂ ದೊಡ್ಡಪ್ಪ ಉಳಿಸಿಕೊಳ್ಳಲಿಲ್ಲ. ಅವರ ಕೈಗೆ ನಿಧಾನ ಅನ್ನುವುದೇ ಬಾರದು. ಕಾಲು ಚಾಚಿ ಕೂತು ಕಣ್ಣು ಮುಚ್ಚಿದವರ ಗಡ್ಡದ ಮೇಲೆ ಬೆಂಕಿ ಆರಿಸುವವರ ಹಾಗೆ ಕತ್ತಿ ಓಡಿಸಿದರೆ ಯಾರು ಎರಡನೇ ಸಲ ಬರುತ್ತಾರೆ? ಒಬ್ಬಾಕೆ ಮಗಳನ್ನು ಕರೆದುಕೊಂಡು ಬಂದಿದ್ದರು. ದೊಡ್ಡಪ್ಪ ಒಂದು ಪಕ್ಕದ ಕೂದಲು ಕತ್ತರಿಸಿ, ಓರೆ ಕನ್ನಡಿ ನೋಡಿ, ಅಲ್ಲಿ ಬಸ್ಸು ಕಾಣದೆ, "ಬಿಟ್ಟಿತು, ಏಳಮ್ಮ, ಉಳಿದದ್ದು ನಾಳೆ" ಅಂದುಬಿಟ್ಟರು. ಆ ಮಗು ಅತ್ತ ರಂಪ ಇನ್ನೂ ಓಣಿಯ ಕಿವಿಯಲ್ಲಿದೆ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ದೊಡ್ಡಪ್ಪನಿಗೆ ಮಕ್ಕಳಿಲ್ಲ, ಆದ್ದರಿಂದ ನಗರಸಭೆಯವರು ನೆಟ್ಟ ಗಿಡಗಳಿಗೆ ತಲೆ ಕತ್ತರಿಸಿದರು. ಅದಕ್ಕೂ ಒಬ್ಬ ಅಧಿಕಾರಿ ಬಂದು ಗದರಿಸಿ ಹೋದ.

"ದೊಡ್ಡಪ್ಪ, ಒಂದು ಸಲ ಸುರಂಗದೊಳಗೆ ಬಂದು ನೋಡಿ. ತಣ್ಣಗೆ, ದೀಪ ಎಲ್ಲ ಹಾಕಿ ಎಷ್ಟು ಚೆನ್ನಾಗಿದೆ" ಅಂದೆ.

"ನನ್ನ ಅನ್ನ ನುಂಗಿದ ಬಾಯೊಳಗೆ ನಾನೇ ಹೋಗ್ಬೇಕಾ?" ಅಂದರು.

ಅದು ತಮಾಷೆಗೆ ಆಡಿದ ಮಾತಾಗಿರಲಿಲ್ಲ. ಗಿರಾಕಿಯಿಲ್ಲದ ಕುರ್ಚಿಯಲ್ಲಿ ತಾವೇ ಕೂತು, ಓರೆ ಕನ್ನಡಿಯಲ್ಲಿ ಖಾಲಿ ರಸ್ತೆ ನೋಡುತ್ತಿದ್ದರು. ಅವರ ಆ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಆಮೇಲೆ ಒಂದು ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ಎಲ್ಲಿಗೆ ಅಂದರೆ ಜಾಗ ನೋಡಲು. ಎಂಥ ಜಾಗ? ಇನ್ನೊಂದು ಜಾಮ್. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುವುದು ಇದಕ್ಕೇ. ಬೇರೆಯವರು ಜಾಗ ನೋಡುವಾಗ ಗಾಳಿ ಬೆಳಕು ಹೇಗಿದೆ, ನೀರು ಬರುತ್ತಾ ಅಂತ ಕೇಳುತ್ತಾರೆ. ನಮ್ಮ ದೊಡ್ಡಪ್ಪ ಹಾರ್ನ್ ಎಷ್ಟು ಕೇಳಿಸುತ್ತೆ ಅಂತ ನೋಡಿದರು. ಸಂಜೆ ಬಂದು ವರದಿ ಒಪ್ಪಿಸುತ್ತಿದ್ದರು. ರೈಲ್ವೆ ಗೇಟಿನ ಹತ್ತಿರ ಜಾಮ್ ಆಗುತ್ತೆ, ಆದರೆ ಗೇಟು ತೆಗೆದ ಕೂಡಲೇ ಬಿಟ್ಟುಹೋಗುತ್ತೆ, ನಂಬಿಕೆಗೆ ಯೋಗ್ಯವಲ್ಲ. ಹಳೇ ಸೇತುವೆ ಹತ್ತಿರ ಪರವಾಗಿಲ್ಲ, ಆದರೆ ಅಲ್ಲಿ ಬರೀ ಕಾರುಗಳು, ಬಸ್ಸಿಲ್ಲ. ಕೊನೆಗೆ ಮಾರ್ಕೆಟ್ ಸರ್ಕಲ್ಲಿನಲ್ಲಿ ಸಿಕ್ಕಿತು. ಮುಖ ಅರಳಿಸಿಕೊಂಡು ಬಂದರು.

"ಏನು ಜಾಮ್ ಅಂತೀಯ! ಆಂಬುಲೆನ್ಸೇ ನಿಂತುಬಿಡುತ್ತೆ ಅಲ್ಲಿ" ಅಂತ ನನಗೆ, ನರ್ಸಿಗೆ, ಹೇಳಿದರು.

ನಾನು ದುರುಗುಟ್ಟಿದ ಮೇಲೆ ಆ ಮಾತು ನುಂಗಿಕೊಂಡು, ಕೆಳಗೆ ಅಂಗಡಿ, ಮೇಲೆ ಒಂದು ಕೋಣೆ, ಅಲ್ಲೇ ಇರಬಹುದು, ಈ ಮನೆ ಬಿಟ್ಟುಕೊಡುವುದು ಅಂದರು. ಎರಡೆರಡು ಬಾಡಿಗೆ ಕಟ್ಟುವ ಹಾಗಿರಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ.

ದೊಡ್ಡಮ್ಮ ತಟ್ಟೆಗೆ ಬಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಕಿಟಕಿ ಎಷ್ಟಿದೆ ಆ ಕೋಣೆಗೆ?" ಅಂದಳು.

"ಒಂದಿದೆ. ಸರ್ಕಲ್ಲಿನ ಕಡೆಗೆ."

"ಒಳ್ಳೇದು. ನೀವು ನಿಮ್ಮ ಕುರ್ಚಿ ತಗೊಂಡು ಹೋಗಿ. ನಾನು ತಂಗಿ ಮನೆಗೆ ಹೋಗ್ತೀನಿ. ಈಗ ತಾನೆ ಉಸಿರಾಡೋಕೆ ಕಲ್ತಿದೀನಿ, ಮತ್ತೆ ಮರೆಯಕ್ಕೆ ನನ್ನ ಕೈಲಾಗಲ್ಲ."

"ಹೋಗು. ಯಾರು ಬೇಡ ಅಂದ್ರು?"

ತಂಗಿ ಅಂದರೆ ನನ್ನ ಅಮ್ಮ. ಅವಳ ಊರಿಗೆ ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ನಾನು ಸುಮ್ಮನಿದ್ದೆ. ಇವರು ಉಂಡರು, ಮಲಗಿದರು, ಎದ್ದರು, ಮಾತಿಲ್ಲ. ಇಷ್ಟು ವರ್ಷ ಮಾತು ಕೇಳಿಸದ ಮನೆಯಲ್ಲಿ ಗೋಡೆ ಬಡಿದಾದರೂ ಮಾತಾಡುತ್ತಿದ್ದರು. ಈಗ ಪಿಸುಗುಟ್ಟಿದರೂ ಕೇಳಿಸುವ ಮನೆಯಲ್ಲಿ ಇಬ್ಬರಿಗೂ ಬಾಯಿಗೆ ಬೀಗ. ದೊಡ್ಡಪ್ಪ ನನ್ನನ್ನು ಕರೆದು, "ಹೋಗಬೇಡಿ ಅಂತ ಅವಳು ಒಂದು ಮಾತು ಹೇಳಿದ್ಳಾ, ನೋಡು" ಅನ್ನುವುದು. ದೊಡ್ಡಮ್ಮ ನನ್ನನ್ನು ಕರೆದು, "ನೀನಿಲ್ಲದೆ ಹೋಗಲ್ಲ ಅಂತ ಅವರು ಒಂದು ಮಾತು ಹೇಳಿದ್ರಾ, ನೋಡು" ಅನ್ನುವುದು. ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಒಯ್ದು ಮುಟ್ಟಿಸಿದೆ. ಇಬ್ಬರೂ ನಂಬಲಿಲ್ಲ. ಅವರ ಬಾಯಿಂದಲೇ ಬರಲಿ ಅನ್ನುವುದು ಇಬ್ಬರ ಹಟ. ದೊಡ್ಡಮ್ಮ ಟ್ರಂಕು ಕೆಳಗಿಳಿಸಿ ಸೀರೆ ಮಡಿಸಿಡತೊಡಗಿದಾಗ ನನಗೆ ನಿಜವಾಗಿ ಭಯವಾಯಿತು.

ಸಾಮಾನು ಸಾಗಿಸುವ ಸಂಜೆ ಬಂದೇ ಬಂತು. ನಾನು ಬೆಳಗಿನ ಪಾಳಿ ಮುಗಿಸಿ ಬಂದಾಗ ಬಾಗಿಲಲ್ಲಿ ಖಾಲಿ ಟೆಂಪೋ ನಿಂತಿತ್ತು. ಟೆಂಪೋದವನು ಬೆಂಚಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಎದುರಿನ ಕನ್ನಡಿ ಇಳಿಸಿ ಗೋಣಿಚೀಲ ಸುತ್ತಿಯಾಗಿತ್ತು. ದೊಡ್ಡಪ್ಪ ನೆಲದಲ್ಲಿ ಕೂತು ಕುರ್ಚಿಯ ಬೋಲ್ಟು ಬಿಚ್ಚುತ್ತಿದ್ದರು. ಕಬ್ಬಿಣದ ಕುರ್ಚಿ, ಭಾರಿ ತೂಕದ್ದು. ಬೋಲ್ಟುಗಳು ತುಕ್ಕು ಹಿಡಿದು ಹಟ ಮಾಡುತ್ತಿದ್ದವು. ಆ ಮನೆಯಲ್ಲಿ ಹಟ ಯಾರಿಗಿರಲಿಲ್ಲ?

ಆಗ ಕೋರ್ಟಿನ ಗುಮಾಸ್ತರು ಬಂದರು. ಹಳೆಯ ಬಸ್ಸಿನ ಗಿರಾಕಿ, ಯಾವತ್ತೂ ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಓಡುತ್ತಿದ್ದವರು. ಇವತ್ತು ಅವರು ಓಡುತ್ತಿರಲಿಲ್ಲ. ಗಿಡಗಳನ್ನೆಲ್ಲ ನೋಡಿಕೊಂಡು, ಮಕ್ಕಳ ಚೌಕದಲ್ಲಿ ಕಾಲಿಡದೆ ಬಳಸಿಕೊಂಡು ನಿಧಾನವಾಗಿ ನಡೆದು ಬಂದು ಸೀದಾ ಕುರ್ಚಿಯಲ್ಲಿ ಕೂತರು.

"ಅಂಗಡಿ ಮುಚ್ಚಿದೆ ಸ್ವಾಮಿ" ಅಂದರು ದೊಡ್ಡಪ್ಪ, ನೆಲದಿಂದಲೇ.

"ಕುರ್ಚಿ ಇದೆಯಲ್ಲ. ಒಂದು ಗಡ್ಡ ಮಾಡಿ. ಸುರಂಗ ಆದ್ಮೇಲೆ ಮನೆಗೆ ಬೆಳಕಿರುವಾಗಲೇ ಬಂದುಬಿಡ್ತೀನಿ. ಮೊದಲ ವಾರ ಹೆಂಡತಿ ಖುಷಿಪಟ್ಟಳು. ಈಗ, ಎಲ್ಲಾದರೂ ಹೋಗಿ ಬನ್ನಿ ಅಂತಾಳೆ." ಗುಮಾಸ್ತರು ಕಾಲು ಚಾಚಿದರು. "ಹೇಳಿ ಮತ್ತೆ. ಆ ಮನೆ ಕೆಳಗೆ ನಿಂತು ತಲೆ ಎತ್ತಿದ್ರಿ. ಆಮೇಲೆ?"

ದೊಡ್ಡಪ್ಪನ ಕೈಯ ಸ್ಪ್ಯಾನರ್ ನಿಂತಿತು.

"ಎಷ್ಟು ವರ್ಷದಿಂದ ಕಾಯ್ತಿದೀನಿ ರೀ. ನಮ್ಮ ಕೋರ್ಟಲ್ಲೂ ಒಂದು ಕೇಸು ಇಷ್ಟು ಮುಂದಕ್ಕೆ ಹೋಗಿಲ್ಲ. ಆ ಬಿಳಿ ಚಾದರದ ಹುಡುಗಿ ಏನಾದಳು?"

ದೊಡ್ಡಪ್ಪ ಎದ್ದು ಕೈ ತೊಳೆದುಕೊಂಡರು. ಗಿರಾಕಿಗೆ ಇಲ್ಲ ಅನ್ನುವುದು ಅವರ ರಕ್ತದಲ್ಲಿಲ್ಲ. ಬ್ರಷ್ಷು ಹುಡುಕಿ ನೊರೆ ಎಬ್ಬಿಸಿ ಎರಡೂ ಕೆನ್ನೆಗೆ ಹಚ್ಚಿದರು. ಅದೇ ಕೆನ್ನೆಗಳಿಗೆ ಮತ್ತೊಂದು ಸಲ ಹಚ್ಚಿದರು. ಕತೆಯನ್ನು ಮೊದಲಿಂದ ಶುರುಮಾಡಿದರು: ಮೀಸೆ ಬಂದಿರಲಿಲ್ಲ, ಬಸ್ಸು ನಿಂತಿತು, ಬಿಳಿ ಚಾದರ. ಒಂದು ಕೆನ್ನೆ ಮುಗಿಯಿತು. "ತಲೆ ಎತ್ತಿದೆ..." ಅನ್ನುವಲ್ಲಿಗೆ ಬಂದು ಓರೆ ಕನ್ನಡಿ ನೋಡಿದರು. ಅದರಲ್ಲಿ ಕುಂಟಾಟ ಆಡುವ ಮಕ್ಕಳಿದ್ದರು, ಬೆಂಚಿನ ಮೇಲೆ ಮೆಡಿಕಲ್ ಶಾಪಿನ ಅಜ್ಜ ಇದ್ದರು. ಕಾಪಾಡಲು ಒಂದೇ ಒಂದು ಬಸ್ಸಿರಲಿಲ್ಲ. ಟವೆಲ್ಲಿನ ಕಡೆಗೆ ಕೈ ಹೋಗಿ ಅಲ್ಲೇ ನಿಂತಿತು.

"ಆಮೇಲೆ?" ಅಂದರು ಗುಮಾಸ್ತರು. ಏಳುವ ಲಕ್ಷಣವೇ ಇರಲಿಲ್ಲ ಅವರಲ್ಲಿ.

"ಆಮೇಲೆ ಏನು... ಏನೋ ಆಯ್ತು."

ಪರದೆ ಸರಿಯಿತು. ದೊಡ್ಡಮ್ಮ ಅರ್ಧ ಮಡಿಸಿದ ಸೀರೆ ತೋಳಿನ ಮೇಲೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ.

"ಇದನ್ನ ಊರವರಿಗೆಲ್ಲ ಹೇಳ್ತಿದ್ರಾ?" ಅಂದಳು.

ದೊಡ್ಡಪ್ಪ ಕತ್ತಿಯನ್ನು ಒರೆಸಿದರು, ಒರೆಸಿದ ಕತ್ತಿಯನ್ನೇ ಮತ್ತೆ ಒರೆಸಿದರು.

"ಪೂರ್ತಿ ಹೇಳಿಲ್ಲಮ್ಮ" ಅಂತ ಗುಮಾಸ್ತರು ದೂರು ಕೊಟ್ಟರು. "ಇವರು ಬಂದು ಕೆಳಗೆ ನಿಂತಿದ್ದೇ ನಿಂತಿದ್ದು."

"ನಿಂತಿದ್ರು. ಬಾಯಿ ಆಡಿಸ್ತಿದ್ರು, ನನಗೊಂದೂ ಕೇಳಿಸಲಿಲ್ಲ. ಯಾರೋ ದಾರಿ ತಪ್ಪಿದವರು ಅಂತ ಇಳಿದು ಬಂದೆ. ಏನು ಬೈತಾ ಇದ್ರಿ ಅಂತ ಕೇಳಿದ್ರು, ಇಷ್ಟಗಲ ಮುಖ ಮಾಡ್ಕೊಂಡು. ನನಗೆ ನಗು ಬಂತು. ಅಷ್ಟರಲ್ಲಿ ನೋಡ್ತೀನಿ, ಇವರ ಬಸ್ಸು ಹೊರಟಿದೆ. ಬಸ್ಸು ಹೋಯ್ತು ನೋಡಿ, ಓಡಿ, ಮೇಲಿನ ಸಿಗ್ನಲ್ಲಲ್ಲಿ ಸಿಗುತ್ತೆ ಅಂದೆ." ದೊಡ್ಡಮ್ಮ ಸೀರೆಯ ಮಡಿಕೆಯನ್ನು ಕೈಯಲ್ಲಿ ತೀಡಿದಳು. "ಓಡಿದ್ರೆ ಸಿಗ್ತಿತ್ತು. ಇವರು ತಿರುಗಿ ಕೂಡ ನೋಡಲಿಲ್ಲ. ಹೋಗಲಿ ಬಿಡಿ ಅಂದ್ರು."

ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಹೇಳಿಕೊಳ್ಳಲು ನಾಚಿಕೆಯೇನು. ಊರಿನ ಗಿರಾಕಿಗಳನ್ನೆಲ್ಲ ಬಸ್ಸಿಗೆ ಓಡಿಸಿದ ಮನುಷ್ಯ, ತನ್ನ ಬಸ್ಸನ್ನು ಬಿಟ್ಟು ಇಲ್ಲಿ ಉಳಿದವರು.

"ಇಷ್ಟು ಒಳ್ಳೇ ಕೊನೆ ಇಟ್ಕೊಂಡು ಯಾಕ್ರೀ ಹೇಳಲಿಲ್ಲ?" ಅಂದರು ಗುಮಾಸ್ತರು.

"ಅದು ಗಿರಾಕಿಗೆ ಹೇಳೋದಲ್ಲ" ಅಂದರು ದೊಡ್ಡಪ್ಪ. ದನಿ ಎಷ್ಟು ಮೆಲ್ಲಗಿತ್ತು ಅಂದರೆ, ಹಳೆಯ ರಸ್ತೆಯಾಗಿದ್ದರೆ ಅವರಿಗೇ ಕೇಳಿಸುತ್ತಿರಲಿಲ್ಲ.

ಹೊರಗೆ ಟೆಂಪೋದವನು ಹಾರ್ನ್ ಹೊಡೆದ. ಇಡೀ ಓಣಿ ಬೆಚ್ಚಿತು. ಮಕ್ಕಳು ಆಟ ನಿಲ್ಲಿಸಿ ನೋಡಿದರು. ಅವನು ಬಾಗಿಲಿಗೆ ಬಂದು, "ಯಜಮಾನ್ರೇ, ನನಗೆ ಬೇರೆ ಬಾಡಿಗೆ ಇದೆ. ಕುರ್ಚಿ ಎತ್ತೋದಾ, ನಾನು ಹೊರಡೋದಾ? ಇವತ್ತು ಬಿಟ್ರೆ ಆ ಮಾರ್ಕೆಟ್ಟಿನವರು ಬೇರೆಯವರಿಗೆ ಕೊಡ್ತಾರಂತೆ ಆ ಅಂಗಡೀನ" ಅಂದ.

ದೊಡ್ಡಪ್ಪ ಅವನನ್ನು ನೋಡಲಿಲ್ಲ. ಗುಮಾಸ್ತರ ಉಳಿದ ಕೆನ್ನೆಯ ನೊರೆ ಒಣಗಿತ್ತು. ಬ್ರಷ್ಷನ್ನು ನೀರಿಗೆ ಅದ್ದಿ ಮತ್ತೆ ನಿಧಾನವಾಗಿ ಉಜ್ಜತೊಡಗಿದರು. ಅವರು ಅಷ್ಟು ನಿಧಾನವಾಗಿ ಕೈಯಾಡಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಟೆಂಪೋದವನು ಸ್ವಲ್ಪ ಹೊತ್ತು ನಿಂತು, ಗೊಣಗಿಕೊಂಡು ಹೋಗಿ ಗಾಡಿ ಚಾಲು ಮಾಡಿದ.

"ರೀ" ಅಂದಳು ದೊಡ್ಡಮ್ಮ. "ಗಾಡಿ ಹೋಗ್ತಾ ಇದೆ. ಓಡಿದ್ರೆ ಸಿಗುತ್ತೆ."

ದೊಡ್ಡಪ್ಪ ತಿರುಗಿ ನೋಡಲಿಲ್ಲ, ಓರೆ ಕನ್ನಡಿಯನ್ನೂ ನೋಡಲಿಲ್ಲ.

"ಹೋಗಲಿ ಬಿಡು" ಅಂದರು.

ದೊಡ್ಡಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಟ್ರಂಕಿನ ಮುಚ್ಚಳ ತೆಗೆದ ಸದ್ದು, ಸೀರೆಗಳು ಬೀರುವಿಗೆ ಹೋಗುವ ಸದ್ದು, ಎಲ್ಲ ಕೇಳಿಸಿತು. ದೊಡ್ಡಪ್ಪ ಕತ್ತಿ ಕೆಳಗಿಟ್ಟು ಬಾಚಣಿಗೆ ತೆಗೆದುಕೊಂಡು ಗೋಡೆಗೆ ಒಂದು ಸಲ ಬಡಿದರು.

"ಕೇಳಿಸುತ್ತೆ, ಬಾಯಲ್ಲೇ ಹೇಳಿ" ಅಂದಳು ದೊಡ್ಡಮ್ಮ ಒಳಗಿನಿಂದ.